ಮಂದ್ರಸ್ವರದ ಬಲವೂ ಹಾಡಿನ ಮಾತೂ

ಹಾಡಿನ ಮುದ್ರಣದಲ್ಲಿ ಮಂದ್ರವಾದ್ಯವು ಗಟ್ಟಿಯಾದಷ್ಟೂ ಬಲವುಳ್ಳದ್ದೆಂಬ ಭಾವನೆ ವ್ಯಾಪಕವಾಗಿದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಲಂಡನ್ನಿನ ಇ.ಎಂ.ಐ. ಸ್ಟುಡಿಯೋದಲ್ಲಿ 1966–67ರಲ್ಲಿ ಸಿದ್ಧವಾದ ಬೀಟಲ್ಸ್ ತಂಡದ ಮುದ್ರಣಗಳು ಯೋಗ್ಯ ನಿದರ್ಶನಗಳಾಗಿವೆ.

ಮೊದಲು ಕಿವಿಯ ಸ್ವಭಾವವನ್ನು ಅರಿಯಬೇಕು. ಮಂದ್ರನಾದವು ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುವಷ್ಟು ಸುಲಭವಾಗಿ ಮೇಲಿನ ಸ್ವರಗಳು ಮಂದ್ರವನ್ನು ಮರೆಮಾಡಲಾರವು. ಬೇಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಮೂಲಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದು. ಅದರ ಉಪಸ್ವರಗಳಾದರೋ ನೂರಾರು ಕಂಪನಗಳವರೆಗೆ ಏರಿ ಪುರುಷಕಂಠ, ಗಿಟಾರ್, ಪಿಯಾನೊಗಳ ನೆಲೆಯನ್ನು ಹೊಗುತ್ತವೆ. 200ರಿಂದ 400 ಕಂಪನಗಳ ಎಡೆಯಲ್ಲಿ ಇವೆಲ್ಲವೂ ಕಿಕ್ಕಿರಿದಾಗ ನಾದವು ಕದಡಿದ ನೀರಾಗುತ್ತದೆ. ಆಗ ಮಸುಕಾಗುವುದು ಹಾಡಿನ ಮಾತು.

1966ರ ‘ಪೇಪರ್‌ಬ್ಯಾಕ್ ರೈಟರ್’ ಹಾಡಿನಲ್ಲಿ ಜೆಫ್ ಎಮೆರಿಕ್ ಮತ್ತು ಅವರ ಸಹೋದ್ಯೋಗಿಗಳು ಧ್ವನಿವರ್ಧಕವೊಂದನ್ನೇ ಮೈಕ್ರೊಫೋನಾಗಿ ಬಳಸಿ ಪಾಲ್ ಮೆಕಾರ್ಟ್ನಿಯವರ ಬೇಸ್‌ಗೆ ಹೊಸ ಪುಷ್ಟಿಯನ್ನು ತಂದರು. ಇದಕ್ಕೂ ಒಂದು ಮಿತಿಯಿತ್ತು: ಮಂದ್ರವು ಅತಿಯಾದರೆ ಗ್ರಾಮಫೋನ್ ಸೂಜಿಯು ತಟ್ಟೆಯ ಗೀರಿನಿಂದ ಹಾರಬಹುದು. ಮುಂದಿನ ವರ್ಷದ ‘ಸಾರ್ಜೆಂಟ್ ಪೆಪ್ಪರ್ಸ್’ ಸಂಕಲನದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಉಪಾಯ ಕಾಣುತ್ತದೆ. ಅದರ ಹಲವು ಹಾಡುಗಳಲ್ಲಿ ಬೇಸ್ ನುಡಿಸಿದುದು ಇತರ ವಾದ್ಯಗಳ ಮುದ್ರಣವಾದ ಮೇಲೆ. ಉಳಿದವರು ಆಡಿದುದನ್ನು ಕೇಳಿಕೊಂಡೇ ಉತ್ತರ ಹೇಳುವ ಅನುಕೂಲ ವಾದಕನಿಗೆ ಒದಗಿತು.

‘ವಿತ್ ಎ ಲಿಟ್ಲ್ ಹೆಲ್ಪ್ ಫ್ರಂ ಮೈ ಫ್ರೆಂಡ್ಸ್’ ಹಾಡಿನಲ್ಲಿ ಇದರ ಫಲ ಸ್ಪಷ್ಟವಾಗಿದೆ. ಕೊನೆಯ ತಾರಸ್ವರವನ್ನು ಬಿಟ್ಟರೆ ರಿಂಗೊ ಸ್ಟಾರ್ ಅವರ ಗಾಯನವು ಕೆಲವೇ ಸ್ವರಗಳೊಳಗೆ ನಡೆಯುತ್ತದೆ. ಬೇಸ್ ಅದರ ಕೆಳಗೆ ಸ್ವತಂತ್ರ ರಾಗದಂತೆ ಸಂಚರಿಸಿದರೂ ಒಂದು ಮಾತೂ ಮುಳುಗುವುದಿಲ್ಲ. ಆ ಸಂಕಲನದ ಮೊನೊ ಮಿಶ್ರಣದಲ್ಲಿ ಎಲ್ಲ ನಾದಗಳೂ ಒಂದೇ ಬಿಂದುವಿನಿಂದ ಬರುವುದರಿಂದ ಅವುಗಳನ್ನು ಎಡಬಲವಾಗಿ ಹಂಚಲು ಸಾಧ್ಯವಿರಲಿಲ್ಲ. ಸ್ಥಾಯಿಯಿಂದ ಮತ್ತು ಕಾಲದಿಂದ ಮಾತ್ರವೇ ಅವು ಬೇರ್ಪಡಬೇಕಾಗಿತ್ತು. ಈ ನಿರ್ಬಂಧವೇ ಮಿಶ್ರಣದ ಶಿಸ್ತಾಯಿತು.

ನೃತ್ಯಕ್ಕೆಂದೇ ರಚಿತವಾದ ಸಂಗೀತಕ್ಕೆ ಈ ಅಳತೆ ಒಪ್ಪದೆಂದು ಆಕ್ಷೇಪಿಸಬಹುದು. ಅಲ್ಲಿ ಮಂದ್ರವೇ ನಾಯಕ. ಮಾತು ಹಿಂದೆ ಸರಿದರೆ ಅದು ದೋಷವಲ್ಲ. ಆದರೆ ಮಾತನ್ನು ಮುಖ್ಯವಾಗಿ ಉಳ್ಳ ಗೀತದಲ್ಲಿ ಕೇಳುವವನು ಪದವನ್ನು ಊಹಿಸಬೇಕಾಗಿ ಬಂದರೆ ಮಿಶ್ರಣವು ಸೋತಿತೆಂದೇ ಹೇಳಬೇಕು. ಇಂದಿನ ಯಂತ್ರಗಳು ಇತರ ವಾದ್ಯಗಳ ಅನಗತ್ಯವಾದ ತಳನಾದವನ್ನು ಸೋಸಿ ತೆಗೆಯಬಲ್ಲವು; ಗಾಯಕನು ಹಾಡುವ ಕ್ಷಣದಲ್ಲಿ ಬೇಸನ್ನು ತುಸುವೇ ತಗ್ಗಿಸಲೂ ಬಲ್ಲವು. ಎಲ್ಲಿ ತಗ್ಗಿಸಬೇಕೆಂಬ ವಿವೇಕ ಮಾತ್ರ ಕಿವಿಗೆ ಸೇರಿದುದು. ತಳಹದಿಯ ಹಿರಿಮೆ ಮನೆಯನ್ನು ಹೊರುವುದರಲ್ಲಿದೆ, ಕೋಣೆಗಳನ್ನು ತುಂಬುವುದರಲ್ಲಿಲ್ಲ.