ರಾಮನೂ ಬೆಂಕಿಗಿಳಿದಾಗ

ಬೇರೊಬ್ಬ ಕವಿ ಕಟ್ಟಿದ ಮನೆಯೊಳಗೆ ಹೊಕ್ಕು, ಅವನು ದೀಪ ಹಿಡಿಯದ ಮೂಲೆಗೆ ಬೆಳಕು ತರುವುದು ದೊಡ್ಡ ವಿದ್ಯೆ. ಮೈಸೂರಿನ ಕುವೆಂಪು ಅದನ್ನು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ (1949) ಸಾಧಿಸಿದರು. ಅಲ್ಲಿ ಊರ್ಮಿಳೆ ಹದಿನಾಲ್ಕು ವರ್ಷದ ತಪಸ್ವಿನಿ. ಮಂಥರೆ ಭರತನ ಮೇಲಿನ ಮಮತೆಯಲ್ಲಿ ಬೆಂದ ಜೀವ. ನನ್ನನ್ನು ತೀರಾ ಅಲುಗಿಸುವುದು ಅಗ್ನಿಪರೀಕ್ಷೆ. ಅಲ್ಲಿ ಸೀತೆಯೊಬ್ಬಳೇ ಅಲ್ಲ, ರಾಮನೂ ಬೆಂಕಿಗಿಳಿಯುತ್ತಾನೆ. ಹರಿಕಥೆ ಕೇಳುತ್ತ ನಮ್ಮ ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನುಂಗಿಕೊಂಡ ಪ್ರಶ್ನೆಗೆ ಕೊನೆಗೂ ಒಬ್ಬ ಕವಿ ಉತ್ತರ ಕೊಟ್ಟ! ಮಹಾಭಾರತದ ಮನೆಗೂ ಹೀಗೆಯೇ ಒಬ್ಬರು ಹೊಕ್ಕರು: 1979ರಲ್ಲಿ ಮೈಸೂರಿನವರೇ ಆದ ಎಸ್.ಎಲ್. ಭೈರಪ್ಪ ‘ಪರ್ವ’ ಕಾದಂಬರಿಯಲ್ಲಿ ಕುರುಕುಲದ ವರ, ಶಾಪ, ಪವಾಡಗಳನ್ನೆಲ್ಲ ಕಳಚಿಟ್ಟರು. ಓದುಗರು ಮೆಚ್ಚಿದರು, ಜಗಳವನ್ನೂ ಆಡಿದರು. ಭೈರಪ್ಪನವರ ಧೈರ್ಯಕ್ಕೆ ತಲೆಬಾಗುತ್ತೇನೆ. ಮತ್ತೆ ಮತ್ತೆ ಓದಲು ಮಾತ್ರ ನನ್ನ ಕೈ ಹೋಗುವುದು ಕುವೆಂಪು ಅವರ ಮಂಥರೆಯ ಕಡೆಗೆ.