ಸರಂಧ್ರ ಚೌಕಟ್ಟುಗಳ ಗುಣವಿಮರ್ಶೆ: ಅಳತೆಗೋಲು ಯಾವುದು?

ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದು ರಂಧ್ರಮಯವಾದ ಸ್ಫಟಿಕಗಳನ್ನು ಕಟ್ಟಿದ ರಾಬ್ಸನ್, ಕಿತಗಾವ, ಯಾಘಿ ಎಂಬ ಮೂವರಿಗೆ ೨೦೨೫ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಈ ಕಾರ್ಯದ ಹಿರಿಮೆಯಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಚೌಕಟ್ಟುಗಳನ್ನು ಕುರಿತ ಬರಹಗಳಲ್ಲಿ ಒಳಮೇಲ್ಮೈಯ ವಿಸ್ತಾರವನ್ನೇ ಗುಣದ ಅಳತೆಗೋಲಾಗಿ ಹಿಡಿಯುವ ರೂಢಿಯೊಂದು ಬೆಳೆದಿದೆ. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹ.

೧೯೯೯ರಲ್ಲಿ ಯಾಘಿ ಮತ್ತು ಸಂಗಡಿಗರು ಪ್ರಕಟಿಸಿದ ಎಂ.ಒ.ಎಫ್-೫ ಎಂಬ ಚೌಕಟ್ಟನ್ನೇ ನೋಡಬಹುದು. ಸತುವಿನ ಆಕ್ಸೈಡಿನ ಗೊಂಚಲುಗಳನ್ನು ಟೆರೆಫ್ತಾಲೇಟ್ ಅಯಾನುಗಳು ಇಲ್ಲಿ ಜೋಡಿಸುತ್ತವೆ. ಇದರ ಒಂದು ಗ್ರಾಮಿನ ಮೇಲ್ಮೈ ಸುಮಾರು ೨,೯೦೦ ಚದರ ಮೀಟರುಗಳೆಂದು ಆಗ ವರದಿಯಾಯಿತು. ಆದರೆ ತೇವವುಳ್ಳ ಗಾಳಿಯಲ್ಲಿ ನೀರಿನ ಅಣುಗಳು ಸತು ಮತ್ತು ಆಮ್ಲಜನಕದ ನಡುವಣ ಬಂಧವನ್ನು ಕಡಿಯುತ್ತವೆ; ಚೌಕಟ್ಟು ಕುಸಿಯುತ್ತದೆ. ಮೇಲಾಗಿ, ಅದು ಜಲಜನಕವನ್ನು ಹಿಡಿಯುವ ಶಕ್ತಿ ಮೋಲಿಗೆ ಸುಮಾರು ೫ ಕಿಲೊಜೂಲ್ ಮಾತ್ರ. ಸಾಮಾನ್ಯ ಉಷ್ಣತೆಯಲ್ಲಿ ಜಲಜನಕವನ್ನು ತುಂಬಿ ತೆಗೆಯಲು ಸುಮಾರು ೧೫ ಕಿಲೊಜೂಲ್ ಬೇಕೆಂದು ಭಾಟಿಯಾ ಮತ್ತು ಮೈಯರ್ಸ್ ೨೦೦೬ರಲ್ಲಿ ಗಣಿಸಿದರು.

ಹಾಗೆಂದು ಹಿಡಿತ ಬಿಗಿಯಾದಷ್ಟೂ ಲೇಸೆಂದು ತಿಳಿಯಕೂಡದು. ಮೆಗ್ನೀಸಿಯಮ್ಮಿನ ಎಂ.ಒ.ಎಫ್-೭೪ರಲ್ಲಿ ತೆರೆದ ಲೋಹಸ್ಥಾನಗಳಿವೆ. ಅವು ಇಂಗಾಲದ ಡೈಆಕ್ಸೈಡನ್ನು ಬಲವಾಗಿ ಸೆಳೆಯುತ್ತವೆ. ಆದುದರಿಂದ ಅದನ್ನು ಬಿಡಿಸಲು ಹೆಚ್ಚು ಶಾಖ ವೆಚ್ಚವಾಗುತ್ತದೆ. ಹೊಗೆಯಲ್ಲಿರುವ ನೀರಾವಿಯೂ ಅದೇ ಸ್ಥಾನಗಳನ್ನು ಆಕ್ರಮಿಸುತ್ತದೆ.

ಇದಕ್ಕೆ ಪ್ರತಿಯಾಗಿ ಕ್ಯಾಲ್ಫ್-೨೦ ಎಂಬ ಚೌಕಟ್ಟನ್ನು ಇಟ್ಟು ನೋಡಬೇಕು. ಸತು, ಟ್ರೈಅಜೋಲೇಟ್, ಆಕ್ಸಲೇಟ್‌ಗಳಿಂದಾದ ಇದನ್ನು ಕ್ಯಾಲ್ಗರಿಯ ಶಿಮಿಜು ಮತ್ತು ಸಂಗಡಿಗರು ೨೦೨೧ರಲ್ಲಿ ವಿವರಿಸಿದರು. ಮೇಲ್ಮೈಯ ಲೆಕ್ಕದಲ್ಲಿ ಇದು ಎಂ.ಒ.ಎಫ್-೫ಕ್ಕಿಂತ ಬಹಳ ಹಿಂದೆ. ಆದರೂ ಸಾಕಷ್ಟು ತೇವದ ನಡುವೆಯೂ ಇಂಗಾಲದ ಡೈಆಕ್ಸೈಡನ್ನು ಆರಿಸಿಕೊಳ್ಳುತ್ತದೆ, ಹಬೆಯನ್ನು ತಾಳಿಕೊಳ್ಳುತ್ತದೆ, ಮಿತವಾದ ಶಾಖದಿಂದಲೇ ಅನಿಲವನ್ನು ಮರಳಿ ಕೊಡುತ್ತದೆ. ಸಿಮೆಂಟು ಕಾರ್ಖಾನೆಯ ಹೊಗೆಯಲ್ಲಿ ಪರೀಕ್ಷೆಗೆ ಇಳಿದದ್ದು ಇಂಥದು.

ಆದುದರಿಂದ ಅಧಿಶೋಷಣೆಯನ್ನು ಕುರಿತ ಪ್ರಬಂಧವು ಹೀರಿದ ಮೊತ್ತವನ್ನು ಮಾತ್ರ ಹೇಳಿ ನಿಲ್ಲಬಾರದು. ಹೀರುವ ಒತ್ತಡಕ್ಕೂ ಬಿಡುವ ಒತ್ತಡಕ್ಕೂ ನಡುವೆ ನಿಜವಾಗಿ ದೊರೆಯುವ ಅನಿಲವೆಷ್ಟು, ಅದಕ್ಕೆ ತಗಲುವ ಶಾಖವೆಷ್ಟು, ತೇವದ ಗಾಳಿಯಲ್ಲಿ ನೂರು ಆವರ್ತಗಳಾದ ಮೇಲೆ ಉಳಿಯುವ ಸಾಮರ್ಥ್ಯವೆಷ್ಟು ಎಂಬ ಮೂರನ್ನೂ ಹೇಳಬೇಕು. ಹೊಸ ಚೌಕಟ್ಟನ್ನು ಕಟ್ಟಹೊರಟ ವಿದ್ಯಾರ್ಥಿಯು ಈ ಪ್ರಶ್ನೆಗಳನ್ನು ಬಂಧಕವನ್ನು ಆರಿಸುವ ಮೊದಲೇ ಕೇಳಿಕೊಂಡರೆ ವರುಷಗಳ ಶ್ರಮ ವ್ಯರ್ಥವಾಗದು.