ದೊರೆಯ ಊರು ಯಾವುದು?

ಸಕಲೇಶಪುರ, ಆಲೂರಿನ ಕಡೆ ಹಳೇ ಬಂಗಲೆ ತೋರಿಸಿ ಕಟ್ಟಿಸಿದ್ದು ಯಾರು ಅಂತ ಕೇಳಿ ನೋಡಿ. ‘ಯಾವನೋ ಇಂಗ್ಲಿಷ್ ದೊರೆ’ ಅನ್ನುತ್ತಾರೆ. ವಂಶಾವಳಿ ಹುಡುಕುವ ಹುಚ್ಚು ಹತ್ತಿದವರು ಮೊದಲು ಅನುಮಾನಿಸಬೇಕಾದ್ದು ಈ ‘ಇಂಗ್ಲಿಷ್’ ಅನ್ನುವ ಮಾತನ್ನೇ. ಇಲ್ಲಿನ ಮಂಜರಾಬಾದಿನ ಕಾಫಿ ತೋಟದ ಬದುಕನ್ನು ಪುಸ್ತಕವಾಗಿಸಿದ ರಾಬರ್ಟ್ ಎಲಿಯಟ್ ಸ್ಕಾಟ್ಲೆಂಡಿನವನು. 1802ರಲ್ಲಿ ಬಲಂ ಪಾಳೆಯಗಾರನ ಮೇಲೆ ಇದೇ ಸೀಮೆಗೆ ದಂಡು ತಂದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ.

ಐರಿಷ್ ಮನೆತನವೇ ಆದರೆ ತೊಡಕು ಇಮ್ಮಡಿ. 1922ರಲ್ಲಿ ಅಂತರ್ಯುದ್ಧದ ಹೊತ್ತಿಗೆ ಡಬ್ಲಿನ್‌ನ ದಾಖಲೆ ಭಂಡಾರ ಸ್ಫೋಟಗೊಂಡು ಸುಟ್ಟುಹೋಯಿತು. ಆ ಬೆಂಕಿಗೂ ಮುಂಚಿನ ಐರಿಷ್ ಜನಗಣತಿಗಳಲ್ಲಿ ಪೂರ್ತಿಯಾಗಿ ಸಿಗುವುದು 1901 ಮತ್ತು 1911ರವು ಮಾತ್ರ. ಅದಕ್ಕೂ ಮುಂಚೆ ಹಡಗು ಹತ್ತಿದ ಅಜ್ಜ ಅವುಗಳಲ್ಲಿ ಎಲ್ಲಿಂದ ಸಿಕ್ಕಾನು? ಊರ ಚರ್ಚುಗಳಲ್ಲೇ ಉಳಿದಿದ್ದ ಕ್ಯಾಥೊಲಿಕರ ಜ್ಞಾನಸ್ನಾನದ ಪುಸ್ತಕಗಳು ಬೆಂಕಿಯಿಂದ ಪಾರಾದವು. ಆದರೆ ಅಲ್ಲಿ ಎಷ್ಟೋ ಕಡೆ ಲ್ಯಾಟಿನ್ ಬರಹ: ವಿಲಿಯಂ ಹೋಗಿ ಗುಲಿಯೆಲ್ಮಸ್, ಜೇಮ್ಸ್ ಹೋಗಿ ಜಾಕೋಬಸ್. ಗೊತ್ತಿಲ್ಲದವರು ಸ್ವಂತ ಮುತ್ತಜ್ಜನನ್ನೇ ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ನನಗೆ ಅಚ್ಚುಮೆಚ್ಚು ಐರಿಷರ ಹೆಸರಿಡುವ ಪದ್ಧತಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಥೇಟ್ ನಮ್ಮ ಮನೆಯದೇ ಲೆಕ್ಕ! ಒಬ್ರಯನ್, ಒಕಾನರ್ ಹೆಸರುಗಳ ಮುಂದಿನ ‘ಒ’ಗೂ ಮೂಲದಲ್ಲಿ ಮೊಮ್ಮಗ ಎಂದೇ ಅರ್ಥ. ಎಲ್ಲರೂ ಹೀಗೆ ಇಟ್ಟರೆಂದಲ್ಲ. ಆದರೂ ಮಕ್ಕಳ ಹೆಸರು ಸಾಲಾಗಿ ಸಿಕ್ಕಿದರೆ ಅಜ್ಜಂದಿರ ಹೆಸರು ಊಹಿಸಿ ಹುಡುಕಬಹುದು.

ಇತ್ತಕಡೆ ಹುಡುಕುವವರಿಗೆ ಒಂದು ಕಿವಿಮಾತು. ಹಳೇ ಕಾಗದದಲ್ಲಿ ಸಕಲೇಶಪುರ ಸಿಗದಿದ್ದರೆ ಮಂಜರಾಬಾದ್ ನೋಡಿ. ಆಗಿನ ತಾಲ್ಲೂಕಿನ ಹೆಸರು ಅದು. ಬಿಳಿಯರ ಮದುವೆ, ಸಾವಿನ ಲೆಕ್ಕವನ್ನು ಪಾದ್ರಿಗಳು ಮದರಾಸಿಗೆ ಕಳಿಸುತ್ತಿದ್ದರು; ಅದರ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗೋರಿಕಲ್ಲನ್ನು ಮಾತ್ರ ವಿಪರೀತ ನಂಬಬೇಡಿ. ನಮ್ಮ ಮಳೆಗೆ ಅಕ್ಷರ ಸವೆದು 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ತಂತಿ ಬ್ರಷ್ ಹಾಕಿ ಪಾಚಿ ಉಜ್ಜಬೇಡಿ, ಇದ್ದಬದ್ದದ್ದೂ ಹೋಗುತ್ತದೆ. ನೀರು ಚಿಮುಕಿಸಿ, ಸಂಜೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ದೊರೆಗೆ ಕಲ್ಲೂ ಉಂಟು, ಲಂಡನ್ನಿನ ಕಡತವೂ ಉಂಟು. ಅವನ ತೋಟದಲ್ಲಿ ಹಣ್ಣು ಕುಯ್ಯಲು ಘಟ್ಟ ಹತ್ತಿ ಬಂದವರ ಹೆಸರು ಇದ್ದರೆ ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ ಪುಸ್ತಕದಲ್ಲಿ ಇರಬೇಕು. ಅವರ ಮೊಮ್ಮಕ್ಕಳೂ ಊರು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಅಟ್ಟದಲ್ಲಿ ಅಂಥ ಹಳೇ ಪುಸ್ತಕ ಇದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಒಂದೊಂದು ಪುಟದ ಫೋಟೊ ತೆಗೆದಿಡಿ.